ತುಳಿಯದ ಬಣವೆ

ನಾಲ್ಕನೆಯ ದಿನವೂ ಬಣವೆ ಬಿಸಿಯೇರಲಿಲ್ಲ. ಥಾಮ್ ಪ್ಲಾಸ್ಟಿಕ್ ಹೊದಿಕೆ ಎತ್ತಿ ಮೊಣಕೈವರೆಗೂ ಕೈ ತೂರಿಸಿದಳು. ಐದು ಎಣಿಸುವುದರೊಳಗೆ ಕೈ ಎಳೆದುಕೊಳ್ಳುವಷ್ಟು ಸುಡಬೇಕಿತ್ತು. ಇದು ಮಗುವಿನ ಸ್ನಾನದ ನೀರಿನಷ್ಟು ಬೆಚ್ಚಗಿತ್ತು, ಅಷ್ಟೇ.

ಮೆಕಾಂಗ್ ಬಯಲಿನ ಆ ಊರಿನಲ್ಲಿ ಹುಲ್ಲಣಬೆ ಬೆಳೆಯುವವರು ಬಹಳ. ಆದರೂ ಹುಲ್ಲು ಬೇಯಿಸುವುದರಲ್ಲಿ ಅವಳ ಅತ್ತೆ ಲುವಾಳದೇ ಹೆಸರು. ಅಣಬೆ ಬಿತ್ತುವ ಮುನ್ನ, ಸುಣ್ಣದ ನೀರಲ್ಲಿ ನೆನೆಸಿ ಒಟ್ಟಿದ ಭತ್ತದ ಹುಲ್ಲು ಬೆಂಕಿಯಿಲ್ಲದೆ ತಾನೇ ಬೇಯಬೇಕು. ಸುಡುವ ಬಿಸಿಯಲ್ಲೇ ಬದುಕಿ ಹುಲ್ಲನ್ನು ತಿಂದು ಮೆತ್ತಗಾಗಿಸುವ ಸೂಕ್ಷ್ಮಜೀವಿಗಳ ಕೆಲಸ ಅದು ಎಂದು ಕೃಷಿ ಕಚೇರಿಯವರು ಹೇಳಿಹೋಗಿದ್ದರು. ಲುವಾ ಅವನ್ನು ‘ಒಳಗಿನವರು’ ಎನ್ನುತ್ತಿದ್ದಳು. ಮಂಡಿನೋವೆಂದು ಈ ಸಲ ಬಣವೆಯನ್ನು ಮೊದಲ ಬಾರಿಗೆ ಸೊಸೆಗೆ ಒಪ್ಪಿಸಿದ್ದಳು. ಹುಣ್ಣಿಮೆಯ ದಿನ ಊರೆಲ್ಲ ಮಾಂಸ ಬಿಟ್ಟು ಅಣಬೆ ಕೇಳುತ್ತದೆ. ಅಷ್ಟರೊಳಗೆ ಬೆಳೆ ಬರದಿದ್ದರೆ, ಲುವಾಳ ಹೆಸರು ಕೆಡಿಸಿದವಳೆಂಬ ಮಾತು ಥಾಮ್‌ಗೆ ಜನ್ಮವಿಡೀ ಅಂಟಿಕೊಳ್ಳುತ್ತಿತ್ತು.

ಹಿಡಿ ಹುಲ್ಲು ಕಿತ್ತು ಮೂಸಿದಳು. ಹುಳಿ ವಾಸನೆ. ಗೇಣುದ್ದವೂ ಇಲ್ಲದ ತುಂಡುಗಳು ಚಾಪೆಯಂತೆ ಒತ್ತಿಕೊಂಡಿದ್ದವು. ಕುಡುಗೋಲಿನಲ್ಲಿ ಕೊಯ್ದ ಕಾಲದ ಉದ್ದ ಹುಲ್ಲು ಉಬ್ಬಿ ನಿಲ್ಲುತ್ತಿತ್ತು, ತುಳಿದು ಕೂರಿಸಬೇಕಿತ್ತು. ಈಗ ಬರುವುದು ಯಂತ್ರ ಕತ್ತರಿಸಿದ್ದು. ಅದನ್ನೂ ಮನೆಯ ಹೆಂಗಸರೆಲ್ಲ ಸಾಲಾಗಿ ನಿಂತು ಹಳೆಯ ಪದ್ಧತಿಯಂತೆಯೇ ತುಳಿದಿದ್ದರು.

ಕೆಡವಿ ಮತ್ತೆ ಒಟ್ಟುತ್ತೇನೆ, ತುಳಿಯುವುದಿಲ್ಲ ಎಂದು ಅತ್ತೆಗೆ ಹೇಳಿದಳು ಥಾಮ್.

“ಮೂವತ್ತು ವರ್ಷ ತುಳಿದಿದೀನಿ ಕಣೇ ನಾನು.”

“ಹುಲ್ಲು ಆಗಿನದಲ್ಲ ಅತ್ತೆ. ಒಳಗಿನವರಿಗೆ ಉಸಿರೇ ಆಡ್ತಿಲ್ಲ.”

ಲುವಾ ಮಂಡಿ ನೀವಿಕೊಂಡಳು. “ಕೆಡವು. ಕೆಟ್ರೆ ನಿನ್ನ ತಲೆ ಮೇಲೆ.”

ಥಾಮ್ ಇಡೀ ದಿನ ಒಬ್ಬಳೇ ಹುಲ್ಲು ಬಿಡಿಸಿ, ಕೊಡವಿ, ಹಗುರವಾಗಿ ಒಟ್ಟಿದಳು. ಕಾಲು ತಾಗಿಸಲಿಲ್ಲ. ತವರಿನಲ್ಲಿ ತಂಗಿಯ ತಲೆ ಬಾಚುತ್ತಿದ್ದುದು ಯಾಕೋ ನೆನಪಾಯಿತು.

ಅದಾದ ಮೂರನೆಯ ಬೆಳಿಗ್ಗೆ ಹೊದಿಕೆಯ ಅಂಚಿನಿಂದ ಹಬೆ ಏಳುತ್ತಿತ್ತು. ಲುವಾ ಕೋಲೂರಿಕೊಂಡು ಬಂದು ತೋಳು ತೂರಿಸಿದಳು. ಮೂರು ಎಣಿಸುವುದರೊಳಗೇ ಎಳೆದುಕೊಂಡಳು. ಕೆಂಪಾದ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಯ್ ಬಂದು, ಬಣವೆ ತಲೆ ಕೆದರಿಕೊಂಡ ಹಾಗಿದೆಯಲ್ಲ, ತುಳಿಯೋದು ಮರೆತಿರಾ ಎಂದು ನಕ್ಕಳು.

“ನಮ್ಮನೇಲಿ ಇನ್ಮೇಲೆ ತುಳಿಯಲ್ಲ ಬಾಯಕ್ಕ,” ಎಂದಳು ಲುವಾ. “ನನ್ನ ಸೊಸೆ ಬಣವೆ ಇದು. ಕೈ ಹಾಕಿ ಐದು ಎಣಿಸು, ನೋಡಾಣ.”

ಥಾಮ್ ಹೊದಿಕೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಬೆನ್ನ ಹಿಂದೆ ಬಾಯ್ ಎಣಿಸತೊಡಗಿದ್ದು ಎರಡಕ್ಕೇ ನಿಂತಿತು.