ಬಾಯಿಮಾತಿನ ಬಾಬ್ತು

"ಇದನ್ನ ಈಗ್ಲೇ ಬರೀಬ್ಯಾಡ, ಮೊದ್ಲು ಬಾಯಿಂದ ಹೇಳು," ಎಂದರು ಕೊಟ್ರಬಸಪ್ಪ.

ಗುರುಸ್ವಾಮಿಯ ಪೆನ್ನು ನಿಂತಿತು. ಜಗಳೂರಿನ ಈ ಪಂಪ್‌ಸೆಟ್ ಅಂಗಡಿಗೆ ಲೆಕ್ಕ ಬರೆಯಲು ಸೇರಿದಾಗಿನಿಂದ ಯಜಮಾನರ ಬಾಯಲ್ಲಿ ಬರೀಬ್ಯಾಡ ಎಂಬ ಮಾತು ಕೇಳಿರಲಿಲ್ಲ.

"ನಾಳೆ ದಾವಣಗೆರೆಗೆ ಹೋಗ್ತಿದೀನಿ. ಹಾರ್ಟ್ ಆಪರೇಷನ್ ಐತೆ. ಅಂಗಡಿ ದುಡ್ಡು ಎರಡು ಲಕ್ಷ ತಗೊಂತೀನಿ, ನನ್ನ ಖಾತೆಗೆ ಹಾಕು. ಅವನಿಗೆ ಹೇಳು." ಕೊಟ್ರಬಸಪ್ಪ ಕ್ಯಾಲೆಂಡರ್ ಕಡೆ ತಿರುಗಿದರು. "ಆಮೇಲೆ, ಜತಿಗೆ ಬರಾಕೆ ಆಗ್ತೈತಾ ಕೇಳು. ಬೆಳಿಗ್ಗೆ ಮೊದಲನೇ ಬಸ್ಸಿಗೆ."

"ನೀವೇ ಫೋನ್ ಮಾಡ್ರಿ ಯಜಮಾನ್ರೆ."

"ನಂಬರ್ ಎಲ್ಲೈತೆ ನನ್ನತ್ರ?"

ಅವನು ಎಂದರೆ ತಮ್ಮ, ಹಾಲೇಶಪ್ಪ. ಅದೇ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಪೈಪುಗಳ ನಡುವೆ ಕೂರುತ್ತಾರೆ. ಅಪ್ಪನ ಸಮಾಧಿ ಗದ್ದುಗೆಯ ಕಲ್ಲಿನ ಮೇಲೆ ಯಾವ ಮಗನ ಹೆಸರು ಮೊದಲು ಬರಬೇಕೆಂದು ಜಗಳವಾಡಿ ಅಣ್ಣ ತಮ್ಮಂದಿರು ವರ್ಷಗಳ ಹಿಂದೆಯೇ ಮಾತು ಬಿಟ್ಟರು. ಕಲ್ಲಿನ ಮೇಲೆ ಇವತ್ತಿಗೂ ಅಪ್ಪನ ಹೆಸರೇ ಇಲ್ಲ. ವ್ಯಾಪಾರ ಮಾತ್ರ ಬಿಡಲಿಲ್ಲ.

ಇಬ್ಬರಿಗೂ ಪರಸ್ಪರ ನಂಬಿಕೆ ಇರಲಿಲ್ಲವಾದ್ದರಿಂದ ಒಂದು ನಟ್ಟು ಬೋಲ್ಟೂ ಲೆಕ್ಕ ತಪ್ಪುತ್ತಿರಲಿಲ್ಲ. ಊರಲ್ಲಿ ಇಷ್ಟು ಚೊಕ್ಕ ಲೆಕ್ಕದ ಅಂಗಡಿ ಇನ್ನೊಂದಿಲ್ಲ ಎಂದು ಬ್ಯಾಂಕಿನವರು ಸಾಲ ಕೊಡಲು ತಾವೇ ಬರುತ್ತಿದ್ದರು. ವ್ಯಾಪಾರಕ್ಕೆ ಪ್ರೀತಿ ಬೇಕಿಲ್ಲ, ಜಮಾ ಖರ್ಚು ಸರಿಹೋದರೆ ಸಾಕು ಎಂಬುದಕ್ಕೆ ಗುರುಸ್ವಾಮಿಯ ಎಂ.ಕಾಂ. ಪುಸ್ತಕಗಳಲ್ಲೂ ಇಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಅವನ ನಿಜವಾದ ಕೆಲಸ ಬೇರೆಯೇ ಇತ್ತು. "ಆ ಸೋಂಬೇರಿಗೆ ಹೇಳು, ಮೋಟರು ತುಕ್ಕು ಹಿಡೀತಾ ಬಿದ್ದಾವೆ" ಎಂದು ಅಣ್ಣ ಕೂಗಿದರೆ, ಇವನು ಒಳಗೆ ಹೋಗಿ "ಹಳೇ ಸ್ಟಾಕು ಜಾಸ್ತಿ ಐತೆ" ಎನ್ನುತ್ತಿದ್ದ. ಬೈಗುಳ, ಚುಚ್ಚುಮಾತು, ನಿಟ್ಟುಸಿರು ಎಲ್ಲವನ್ನೂ ದಾರಿಯಲ್ಲೇ ಉದುರಿಸಿ ಅಂಕಿಯನ್ನಷ್ಟೇ ದಾಟಿಸುತ್ತಿದ್ದ. ಅದಕ್ಕಾಗಿ ಇಬ್ಬರೂ ಅವನನ್ನು ಮನೆಯವನಂತೆ ನೋಡಿಕೊಂಡರು. ಹೊನ್ನಾಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸಂಬಳವಿಲ್ಲದೆ ಅಲೆದವನಿಗೆ ಮನೆ, ಮದುವೆ, ಮರ್ಯಾದೆ ಎಲ್ಲ ಬಂದದ್ದು ಈ ಇಬ್ಬರ ಮೌನದಿಂದ. ದಿನಾ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ನಿಂತಾಗ ಅವನ ಕಣ್ಣು ನಿಜವಾಗಿ ತುಂಬಿಬರುತ್ತಿತ್ತು.

ಗೋದಾಮಿನಲ್ಲಿ ಹಾಲೇಶಪ್ಪ ಬಿಲ್ಲು ನೋಡುತ್ತಿದ್ದರು.

"ಎರಡು ಲಕ್ಷ, ಅಣ್ಣಾರ ಖಾತೆಗೆ," ಎಂದ ಗುರುಸ್ವಾಮಿ. "ಆಸ್ಪತ್ರೆ ಖರ್ಚು."

"ಆಸ್ಪತ್ರೆನಾ? ಏನಾಗೇತ್ರಿ?"

"ಹಾರ್ಟ್ ಆಪರೇಷನ್ ಅಂತೆ. ನಾಳೆ ದಾವಣಗೆರೆಗೆ ಹೊಂಟಾರೆ."

ಹಾಲೇಶಪ್ಪ ಬಿಲ್ಲನ್ನು ಮಡಚಿದರು, ಬಿಡಿಸಿದರು. "ಬ್ಯಾರೆ ಏನಾರ ಅಂದ್ರಾ?"

"ಅಷ್ಟೇ."

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಗುರುಸ್ವಾಮಿಗೇ ಆಶ್ಚರ್ಯವಾಯಿತು. ಅಭ್ಯಾಸ ಬಲ ಅಂದುಕೊಂಡ. ಆದರೆ ಮೊದಲನೇ ಬಸ್ಸಿನಲ್ಲಿ ಅಣ್ಣ ತಮ್ಮ ಅಕ್ಕಪಕ್ಕ ಕೂತ ಚಿತ್ರ ಒಂದು ಗಳಿಗೆ ಕಣ್ಣಮುಂದೆ ಬಂದಿತ್ತು. ಅದರಲ್ಲಿ ತಾನು ಎಲ್ಲೂ ಇರಲಿಲ್ಲ.

"ಸರಿ, ಬರ್ಕೊಳ್ರಿ," ಎಂದರು ಹಾಲೇಶಪ್ಪ. ಗುರುಸ್ವಾಮಿ ಹೊರಟಾಗ ಮತ್ತೆ ಕರೆದರು. "ನೀವಿಲ್ದಿದ್ರೆ ಈ ಅಂಗಡಿ ಯಾವಾಗ್ಲೋ ಎರಡು ಹೋಳಾಗ್ತಿತ್ತು ನೋಡ್ರಿ. ನಿಮ್ಮ ಋಣ ಹೆಂಗೆ ತೀರಿಸ್ಬೇಕೋ ಗೊತ್ತಿಲ್ಲ."

ಗುರುಸ್ವಾಮಿ ಕೈಮುಗಿದ. ಈಗಲಾದರೂ ಹೇಳಬಹುದಿತ್ತು. ಹೊಗಳಿಸಿಕೊಂಡ ಮೇಲೆ ಆ ಮಾತು ಬಾಯಿಂದ ಹೊರಡಲಿಲ್ಲ.

ಹೊರಗೆ ಕೊಟ್ರಬಸಪ್ಪ ಕುರ್ಚಿಯ ತುದಿಯಲ್ಲಿ ಕಾಯುತ್ತಿದ್ದರು. "ಏನಂದ?"

"ಸರಿ, ಬರ್ಕೊಳ್ರಿ ಅಂದ್ರು."

"ಅಷ್ಟೇನಾ?"

"ಅಷ್ಟೇ ಯಜಮಾನ್ರೆ."

ಅವರು ಕುರ್ಚಿಯಿಂದ ಎದ್ದರು. "ಆತು. ದುಡ್ಡಿಗೆ ಇಲ್ಲ ಅನ್ಲಿಲ್ಲಲ್ಲ, ಅದೇ ದೊಡ್ಡದು," ಎಂದು ಗುರುಸ್ವಾಮಿಯ ಹೆಗಲು ಮುಟ್ಟಿದರು. "ನೀನು ಚೆನ್ನಾಗಿರಪ್ಪ." ಷಟರಿನ ತಮ್ಮ ಪಾಲಿನ ಕೀಲಿಯನ್ನು ಅವನ ಕೈಗಿಟ್ಟು, ಹೊತ್ತಿಗೆ ಮುಂಚೆಯೇ ಮನೆಗೆ ಹೋದರು.

ಮಧ್ಯಾಹ್ನದಿಂದ ಗುರುಸ್ವಾಮಿ ಎರಡು ಸಲ ಗೋದಾಮಿನ ಬಾಗಿಲವರೆಗೆ ಹೋಗಿ ಬಂದ. ಒಮ್ಮೆ ಗಿರಾಕಿ ಇದ್ದರು. ಇನ್ನೊಮ್ಮೆ ಹಾಲೇಶಪ್ಪ ಒಬ್ಬರೇ ಇದ್ದರು, ಆದರೂ ತಿರುಗಿ ಬಂದ.

ಸಂಜೆ ಷಟರ್ ಎಳೆದರು. ಅದಕ್ಕೆ ಎರಡು ಬೀಗ. ಎಡಕ್ಕೆ ಅಣ್ಣನದು, ಬಲಕ್ಕೆ ತಮ್ಮನದು. ದಿನಾ ಇಬ್ಬರೂ ಒಟ್ಟಿಗೆ ಕುಕ್ಕರಗಾಲಲ್ಲಿ ಕೂತು, ಮುಖ ಆಚೆ ಈಚೆ ತಿರುಗಿಸಿಕೊಂಡು ಬೀಗ ಹಾಕುತ್ತಿದ್ದರು. ಇವತ್ತು ಎಡಗಡೆ ಗುರುಸ್ವಾಮಿ ಕೂತ. ಬಲಗಡೆ ಹಾಲೇಶಪ್ಪ ಕೂತರು, ಮುಖವನ್ನು ಎಂದಿನಂತೆ ರಸ್ತೆಯ ಕಡೆ ತಿರುಗಿಸಿಕೊಂಡು.

"ಹಾಲೇಶಣ್ಣ," ಎಂದ ಗುರುಸ್ವಾಮಿ. "ಅಣ್ಣಾರು ಇನ್ನೊಂದು ಮಾತು ಹೇಳಿದ್ರು."

ದಾವಣಗೆರೆಯ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಹಾಲೇಶಪ್ಪ ಬೀಗ ಒತ್ತಿ, ಜಗ್ಗಿ ನೋಡಿ, ಎದ್ದರು. ಇಷ್ಟು ವರ್ಷ ಆ ಬದಿಯಿಂದ ಬಂದ ಯಾವ ಸದ್ದಿಗೂ ತಿರುಗದ ಕುತ್ತಿಗೆ ಇವತ್ತೂ ತಿರುಗಲಿಲ್ಲ. ಬೈಕ್ ಏರಿ ಹೋದರು.

ಗುರುಸ್ವಾಮಿ ಅಣ್ಣನ ಜಾಗದಲ್ಲಿ ಕೂತೇ ಇದ್ದ, ಬೀಗಕ್ಕೆ ಕೈ ಹಾಕಿಕೊಂಡು, ಮುಖವನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ.