ಡಬ್ಬಿಯಲ್ಲಿ ವಾಪಸ್ ಬಂದ ಮುಖಗಳು

ತಿನ್ನುವ ಅನ್ನಕ್ಕೆ ಕಣ್ಣು ಮೂಗು ಯಾಕೆ ಬೇಕು ಅಂತ ನನ್ನ ತಮ್ಮನ ಹೆಂಡತಿಯನ್ನು ಆಡಿಕೊಂಡು ನಕ್ಕವಳು ನಾನು. ಈಗ ಅವಳದೇ ಅಡುಗೆಮನೆಯಲ್ಲಿ ನಿಂತು, ಅವಳದೇ ಏಪ್ರನ್ ಕಟ್ಟಿಕೊಂಡು, ಬೆಳಿಗ್ಗೆ ಆರೂವರೆಗೆ ಕ್ಯಾರೆಟ್ಟಿನಲ್ಲಿ ಮೂಗು ಕತ್ತರಿಸುತ್ತಿದ್ದೆ. ನನಗೆ ಆಗಬೇಕಾದ್ದೇ ಆಯಿತು.

ಅವಳು ಹೋಗಿ ಐದು ತಿಂಗಳಾಗಿತ್ತು. ಸೋಮವಾರ ತಲೆನೋವು ಅಂದಳಂತೆ, ಬುಧವಾರ ಇಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಮೂವತ್ತೆರಡು ವರ್ಷ ನರ್ಸ್ ಆಗಿದ್ದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಮ್ಮನದು ಬಸ್ ಡಿಪೋದಲ್ಲಿ ಪಾಳಿಯ ಕೆಲಸ. ಏಳು ವರ್ಷದ ಪುಟ್ಟಿಯನ್ನು ನೋಡಿಕೊಳ್ಳಲು ನಾನು ಬಟ್ಟೆಬರೆ ಕಟ್ಟಿಕೊಂಡು ಬಂದೆ.

ಪುಟ್ಟಿ ಶಾಲೆಯಲ್ಲಿ ಊಟ ಮುಟ್ಟುತ್ತಿರಲಿಲ್ಲ. ಬ್ರೆಡ್ಡಿನಲ್ಲಿ ಬೆಕ್ಕು ಮಾಡಿ ಕಳಿಸಿದೆ. ಸೌತೆಕಾಯಿ ಮೀಸೆ, ದ್ರಾಕ್ಷಿ ಕಣ್ಣು. ಅನ್ನವನ್ನು ಉಂಡೆ ಕಟ್ಟಿ ಮೂರು ಮರಿಗಳನ್ನು ಸಾಲಾಗಿ ಕೂರಿಸಿದೆ. ಬೆಳಿಗ್ಗೆ ನಗುತ್ತಾ ಹೋದ ಮುಖಗಳೆಲ್ಲ ಸಂಜೆ ಹಾಗೇ ವಾಪಸ್ ಬರುತ್ತಿದ್ದವು. ಮೀಸೆ ಬಾಡಿರುತ್ತಿತ್ತು, ಕಣ್ಣು ಒಳಗೆ ಹೋಗಿರುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ನನ್ನನ್ನೇ ದಿಟ್ಟಿಸುತ್ತಿದ್ದವು. ಎಷ್ಟು ಹೆಣ ಕಂಡವಳು ನಾನು! ಆ ಡಬ್ಬಿ ತೆಗೆಯುವಾಗ ಮುಖ ಆಚೆ ತಿರುಗಿಸುತ್ತಿದ್ದೆ ಅಂದರೆ ನಂಬುತ್ತೀರಾ?

ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಮಗು ಮುಟ್ಟಿಲ್ಲ, ಎಂಜಲಲ್ಲ ಅಂದುಕೊಂಡು ಅವಳ ಎದುರಿಗೇ ಕೂತು ಟೀ ಜೊತೆ ನಾನೇ ತಿಂದು ಮುಗಿಸುತ್ತಿದ್ದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ರಾತ್ರಿ ಊಟಕ್ಕೆ ಎರಡೇ ಚಮಚ ಹಾಕಿಸಿಕೊಂಡು, ಒಂದು ಅಗುಳೂ ಬಿಡದೆ ತಿಂದು, ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಎಷ್ಟು ಅಚ್ಚುಕಟ್ಟಿನ ಮಗು ಅಂತ ನಾನು ಹೊಗಳಿದ್ದೂ ಹೊಗಳಿದ್ದೇ, ಎಂಥ ಪೆದ್ದಿ!

“ನಿನ್ ಕೈ ಆಸ್ಪತ್ರೆ ಕೈ ಕಣಕ್ಕ,” ಅಂತ ತಮ್ಮ ರೇಗಿಸಿದ. “ಮಾಡಿದ್ದೆಲ್ಲ ಫಿನಾಯಿಲ್ ವಾಸನೆ ಹೊಡಿಯತ್ತೆ. ಮಗು ಹೆಂಗೆ ತಿನ್ನುತ್ತೆ?”

“ನೀನು ಮುಕ್ತೀಯಲ್ಲೋ ಎರಡು ತಟ್ಟೆ, ಆಗ ಬರಲ್ವಾ ವಾಸನೆ?” ಅಂದೆ. ಇಬ್ಬರೂ ನಕ್ಕೆವು. ಆದರೆ ಪುಟ್ಟಿಯ ಯೂನಿಫಾರಮ್ಮಿನ ಸೊಂಟಕ್ಕೆ ನಾನು ಎರಡನೇ ಸಲ ಪಿನ್ನು ಹಾಕಿದ್ದೆ. ಒಳಗೊಳಗೇ ನನ್ನ ಜೀವ ಹೋಗುತ್ತಿತ್ತು.

ಯಾಕೆಂದರೆ ಇದು ಯಾರ ಕೆಲಸ ಅಂತ ನನಗೆ ಗೊತ್ತಿತ್ತು. ಸತ್ತ ಅವಳಮ್ಮನದೇ.

ನಾನು ಕೊನೆಯ ಸಲ ಅವಳನ್ನು ನೋಡಿದ್ದು ಜಗಳದಲ್ಲಿ. ಆ ತಾಯಿ ಮಗಳಿಗೆ ಒಂದು ಆಟವಿತ್ತು. ಬೆಳಿಗ್ಗೆ ಡಬ್ಬಿಯ ಬ್ರೆಡ್ಡನ್ನು ಅಮ್ಮ ಮೂಲೆಯಲ್ಲಿ ಒಂದು ಸಲ ಕಚ್ಚಿ, “ಇಲಿ ತಿಂತು” ಅನ್ನಬೇಕು. ಸಂಜೆ ಮಗಳು ಒಂದು ತುಂಡು ಉಳಿಸಿ ತಂದು, “ಇಲಿಗೆ” ಅಂತ ಕೊಡಬೇಕು. ಅಮ್ಮ ಬಾಗಿಲಲ್ಲೇ ನಿಂತು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆವತ್ತು ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. “ಎಂಜಲು ತಿಂತೀಯಲ್ಲೇ! ಕ್ಲಾಸಲ್ಲಿರೋ ಮಕ್ಕಳ ರೋಗ ಎಲ್ಲಾ ಅದ್ರಲ್ಲೇ ಇರತ್ತೆ. ಹಿಂಗೇ ತಿಂತಾ ಇರು, ಒಂದಿನ ಸತ್ತು ಹೋಗ್ತೀಯ,” ಅಂದೆ. ಅವಳು, “ಬಿಡಿ ಅತ್ತಿಗೆ, ಸತ್ರೆ ಹೊಟ್ಟೆ ತುಂಬಿಸ್ಕೊಂಡು ಸಾಯ್ತೀನಿ,” ಅಂತ ನಕ್ಕಳು. ಹದಿನಾರನೇ ದಿನ ಸತ್ತಳು. ನನ್ನ ನಾಲಿಗೆಗೆ ಬೆಂಕಿ ಬೀಳ.

ಆ ಅಡುಗೆಮನೆಯಲ್ಲಿ ನಾನು ಒಬ್ಬಳೇ ಇರುತ್ತಿರಲಿಲ್ಲ. ಬ್ರೆಡ್ ಕತ್ತರಿಸಲು ಬಗ್ಗಿದರೆ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಾಗುತ್ತಿತ್ತು. ಎಷ್ಟು ಸಲ ಒಗೆದರೂ ಏಪ್ರನ್ನಿಗೆ ಅವಳ ಸೋಪಿನ ವಾಸನೆ ಹೋಗಲಿಲ್ಲ. ನಾನು ಮೇಲಿನ ಖಾನೆಯಲ್ಲಿಟ್ಟ ನಕ್ಷತ್ರದ ಅಚ್ಚು ಬೆಳಿಗ್ಗೆ ಕೆಳಗಿನ ಖಾನೆಯಲ್ಲಿ, ಅವಳು ಇಡುತ್ತಿದ್ದ ಜಾಗದಲ್ಲಿ ಇರುತ್ತಿತ್ತು. ಒಂದು ದಿನ ತಡೆಯಲಾರದೆ ಬಾಯಿಬಿಟ್ಟೇ ಹೇಳಿದೆ. “ಏನೇ, ಸಿಟ್ಟು ನನ್ನ ಮೇಲಿದ್ರೆ ನನ್ನನ್ನ ಹಿಡ್ಕೋ. ಮಗೂ ಬಾಯಿ ಯಾಕೆ ಕಟ್ಟಿದೀಯ? ಬಿಡೇ ಅದನ್ನ.” ತಿರುಗಿ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಗುರುವಾರ ಶಾಲೆಯಿಂದ ಫೋನ್ ಬಂತು. ಆಟದ ಪೀರಿಯಡ್ಡಿನಲ್ಲಿ ಪುಟ್ಟಿ ತಲೆ ಸುತ್ತಿ ಬಿದ್ದಿದ್ದಳು. ಓಡಿದೆ. ಟೀಚರ್ ನೀರು ಕುಡಿಸಿ ಮಲಗಿಸಿದ್ದರು. “ಬಲವಂತ ಮಾಡಿ ಒಂದೇ ಒಂದು ಸಲ ಕಚ್ಚಿಸಿದೆ ನೋಡಿ. ಆಮೇಲೆ ಒಂದೇ ಸಮನೆ ಅತ್ತಳು,” ಅಂದರು.

ಮನೆಗೆ ಬಂದು ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಡಬ್ಬಿ ತೆಗೆದೆ. ಬ್ರೆಡ್ಡಿನ ಬೆಕ್ಕು ನನ್ನನ್ನು ನೋಡಿತು. ಅದರ ಒಂದು ಕಿವಿ ಇರಲಿಲ್ಲ. ಅಲ್ಲಿ ಪುಟ್ಟ ಹಲ್ಲಿನ ಗುರುತು. ನನಗೆ ಹೆದರಿಕೆ, ಸಿಟ್ಟು ಎರಡೂ ಒಟ್ಟಿಗೆ ಏರಿದವು.

“ಏನಾಗಿದೆಯೇ ಇದಕ್ಕೆ? ವಿಷ ಹಾಕಿದೀನಾ? ನೋಡು, ನಾನೇ ತಿಂತೀನಿ,” ಅಂತ ಎತ್ತಿ ಬಾಯಿಗೆ ಇಡಲು ಹೋದೆ.

ಪುಟ್ಟಿ ಚೀರಿದಳು. ಸ್ಟೂಲಿನಿಂದ ಹಾರಿ ನನ್ನ ಕೈಗೆ ಹೊಡೆದಳು. ಬ್ರೆಡ್ ನೆಲಕ್ಕೆ ಬಿತ್ತು.

“ತಿನ್ಬೇಡ ಅತ್ತೆ! ಅದು ನನ್ನ ಎಂಜಲು! ಸತ್ತೋಗ್ತೀಯ! ಅಮ್ಮ ಹಂಗೇ ಸತ್ತಿದ್ದು!”

ಆಗ ನೆನಪಾಯಿತು. ಜಗಳದ ಆ ಸಂಜೆ ಬಾಗಿಲ ಹತ್ತಿರ ಕೂತು ಅವಳು ಶೂ ಬಿಚ್ಚುತ್ತಿದ್ದಳು. ನಾನು ಅವಳ ಅಮ್ಮನ ಮುಖ ನೋಡಿಕೊಂಡು ಬೈದೆನೇ ಹೊರತು ಕೆಳಗೆ ನೋಡಿರಲಿಲ್ಲ.

“ಅದಕ್ಕೇನಾ ಪುಟ್ಟಿ ಡಬ್ಬಿ ಮುಟ್ಟದೇ ಇದ್ದಿದ್ದು?”

“ಪೂರ್ತಿ ತಿನ್ನೋಕೆ ಆಗ್ದೇ ಹೋದ್ರೆ?” ಬಿಕ್ಕುತ್ತಾ ಹೇಳಿದಳು. “ಉಳಿದಿದ್ದು ನೀನು ತಿಂತೀಯಲ್ಲ.”

ಅಯ್ಯೋ, ಐದು ತಿಂಗಳು ಈ ಹಸುಗೂಸು ಹಸಿದುಕೊಂಡು ನನ್ನ ಜೀವ ಕಾಯುತ್ತಿತ್ತು. ಸುಳ್ಳು ಕಣೇ, ನಾನು ಹೇಳಿದ್ದು ಶುದ್ಧ ಸುಳ್ಳು ಅಂದೆ. ನಿನ್ನಮ್ಮ ಸತ್ತಿದ್ದು ತಲೆಯೊಳಗಿನ ನರ ಒಡೆದು ಅಂದೆ. ಅವಳು ನಂಬಲಿಲ್ಲ. ಮಾತಿನಿಂದ ಹೊಕ್ಕದ್ದು ಮಾತಿನಿಂದ ಹೊರಡುವುದಿಲ್ಲ ಅಂತ ಗೊತ್ತಾಯಿತು. ಚಮಚವನ್ನೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುವವಳು ನಾನು. ನೆಲದ ಮೇಲಿನ ಬ್ರೆಡ್ಡನ್ನು ಎತ್ತಿಕೊಂಡೆ, ಹಲ್ಲಿನ ಗುರುತಿದ್ದ ಕಡೆಯಿಂದಲೇ ಕಚ್ಚಿದೆ, ಕೊನೆಯ ಚೂರಿನವರೆಗೂ ತಿಂದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಮೂಗಿನ ಕೆಳಗೆ ಏನೋ ತಣ್ಣಗೆ ತಾಕಿ ಎಚ್ಚರವಾಯಿತು. ಪುಟ್ಟಿಯ ಬೆರಳು.

“ಉಸಿರು ಬರ್ತಿದೆ,” ಅಂದಳು.

“ಬರ್ದೇ ಏನು? ನಿನ್ ಡಬ್ಬಿ ಯಾರು ಕಟ್ತಾರೆ?”

ನಾನು ಬ್ರೆಡ್ ಕತ್ತರಿಸಿ ಕಣ್ಣು ಮೂಗು ಇಡುವಷ್ಟರಲ್ಲಿ ಅವಳು ಅದನ್ನು ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. ಮೂಲೆ ಕಚ್ಚಿದೆ. ಗುರುತನ್ನು ಬೆಳಕಿಗೆ ಹಿಡಿದು ನೋಡಿ, “ಇದು ಅಮ್ಮನ ಇಲಿ ಅಲ್ಲ,” ಅಂದಳು.

“ಅಲ್ಲ ಕಣೇ. ಇದು ಮುದಿ ಇಲಿ.”

ಸಂಜೆ ಡಬ್ಬಿಯಲ್ಲಿ ಒಂದು ತುಂಡು ಬಿಟ್ಟು ಬೇರೇನೂ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತು ಅದನ್ನು ತಿಂದೆ. ಆವತ್ತಿನಿಂದ ದಿನಾ ತಿನ್ನುತ್ತಿದ್ದೇನೆ. ಸೊಂಟದ ಪಿನ್ನು ಬಿಚ್ಚಿದ್ದಾಯಿತು.

ಆದರೆ ದಿನಾ ಬೆಳಿಗ್ಗೆ ಆ ಬೆರಳು ಬರುತ್ತದೆ. ನನಗೆ ಅರವತ್ತೆರಡು, ಬಿಪಿ ಇದೆ, ನಡೆದರೆ ಎದೆ ಹಿಡಿಯುತ್ತದೆ. ಯಾವ ಕಾರಣಕ್ಕೆ ಸತ್ತರೂ ಈ ಮಗು ತಾನೇ ಕೊಂದೆ ಅಂದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅವಳಮ್ಮ ಈಗಲೂ ನನ್ನ ಬೆನ್ನ ಹಿಂದೆ ನಿಲ್ಲುತ್ತಾಳೆ. “ಇವಳು ದೊಡ್ಡವಳಾಗೋವರೆಗೂ ನನ್ನನ್ನ ಕರ್ಕೋಬೇಡ್ವೇ,” ಅಂತ ಕೇಳುತ್ತಾ ಕ್ಯಾರೆಟ್ಟಿನಲ್ಲಿ ಮೂಗು ಕತ್ತರಿಸುತ್ತೇನೆ.