ಎರಡು ಬೆರಳು

...ಅದೇ ವಾಸನೆ, ಬ್ಲೀಚಿಂಗ್ ಪೌಡರಿನದು, ಮೂಗಿಗೆ ಬಡಿದದ್ದೇ ತಡ ಚಿಕ್ಕಲಕ್ಷ್ಮಮ್ಮನಿಗೆ ತಾನು ಹಾರೋಹಳ್ಳಿಯ ವಿಶೇಷ ಮಕ್ಕಳ ಶಾಲೆಯ ಬೆಂಚಿನ ಮೇಲೆ ಕೂತಿರುವುದೇ ಮರೆತುಹೋಯಿತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಳು ಮನೆಯ ಬಾಗಿಲಲ್ಲಿ ಕಾಲು ತೊಳೆಯುತ್ತ ನಿಂತ ಹಾಗಾಯಿತು, ಒಳಗೆ ತಟ್ಟೆ ತಟ್ಟೆ ತುಂಬ ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪಿನ ಹಸಿ ಕಂಪು, ಎಂಥ ಕಾಲವಪ್ಪ ಅದು — ಈಗ ಆ ತೋಟದ ಮೇಲೆ ಫ್ಯಾಕ್ಟರಿ ಕಾಂಪೌಂಡು, ಹುಳು ಮನೆಯಲ್ಲಿ ಯಾರದೋ ಸಿಮೆಂಟು ಮೂಟೆ, ತಾನು ಅದೇ ಫ್ಯಾಕ್ಟರಿಯಲ್ಲಿ ಕಸ ಗುಡಿಸುವವಳು, ಆ ಧೂಳಿಗೆ ಬಂದ ಕೆಮ್ಮು ಬೆಳಿಗ್ಗೆಯಿಂದ ಬಿಟ್ಟಿಲ್ಲ. ಪಕ್ಕದಲ್ಲಿ ಮಗಳು ಸೌಮ್ಯ, ಇಪ್ಪತ್ತೊಂದು ತುಂಬಿದೆ, ಬುದ್ಧಿ ಮಾತ್ರ ಆರೇಳು ವರ್ಷದ್ದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ, ಡಾಕ್ಟರಿಗೇನು ಗೊತ್ತು, ಇವಳ ಕಣ್ಣು ಎಂಥದ್ದು ಅಂತ ಅವರು ಕಂಡಿದ್ದಾರಾ, ಈಗ ಬೆಂಚನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬ್ಯಾಡ ಬ್ಯಾಡ ಅಂತ ನಡುಗುತ್ತಿದ್ದಾಳೆ. ನರ್ಸ್ ಶರ್ಫುನ್ನೀಸಾ ಮತ್ತೆ ಬಂದು ನಿಂತಳು, ಫ್ಲೂ ಇಂಜೆಕ್ಷನ್ ಅಷ್ಟೇ ಅಮ್ಮಾ, ಎಲ್ಲಾ ಮಕ್ಳೂ ಹಾಕಿಸ್ಕೊಂಡ್ರು, ಆಯಾನ ಕರೀತೀನಿ, ಇಬ್ರು ಹಿಡ್ಕೊಂಡ್ರೆ ಆಯ್ತದೆ — ಹಿಡ್ಕೋಬ್ಯಾಡಿ ತಾಯೀ, ಚಿಕ್ಕೋಳಿದ್ದಾಗ ನಾಕ್ ಜನ ಹಿಡ್ಕಂಡು ಚುಚ್ಚುದ್ರು, ಒಂದ್ ತಿಂಗ್ಳು ಬಾಯೇ ಬುಡ್ಲಿಲ್ಲ. ಹಿಡಿಯದಿದ್ದರೆ ಹಾಕಿಸಿಕೊಳ್ಳುವವಳಲ್ಲ, ಹಾಕಿಸದೆ ಮನೆಗೆ ಕರೆದೊಯ್ಯುವ ಧೈರ್ಯವೂ ಇಲ್ಲ, ಇನ್ನೊಂದ್ಸಲ ಈ ಜ್ವರ ಬಂದ್ರೆ ಎದೆಗೂಡು ತಡೆಯಲ್ಲ ಅಂದಿದ್ದರಲ್ಲ ಆಸ್ಪತ್ರೆಯಲ್ಲಿ, ಒಂಬತ್ತು ದಿನ ಮೂಗಿಗೆ ಪೈಪು ಹಾಕಿಕೊಂಡು ಮಲಗಿತ್ತಲ್ಲ ಈ ಕೂಸು.

ಆ ಕಣ್ಣು — ಗಂಡ ಬೋರಲಿಂಗಯ್ಯ ಕನ್ನಡಕ ಏರಿಸಿಕೊಂಡು ಅರ್ಧ ಗಂಟೆ ಬಗ್ಗಿ ನೋಡಿದರೂ ಸಿಗದ ಕಾಯಿಲೆ ಹುಳ ಇವಳಿಗೆ ಬಾಗಿಲಿಂದಲೇ ಕಾಣುತ್ತಿತ್ತು, ಎರಡೇ ಬೆರಳಲ್ಲಿ ಮೆತ್ತಗೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮೈ ಊದಿ ಹಾಲುಬಣ್ಣಕ್ಕೆ ತಿರುಗಿದ್ದರೆ ಬ್ಯಾಡ ಅಂತ ಬ್ಲೀಚಿಂಗ್ ನೀರಿನ ಬೋಗುಣಿಗೆ, ನೆಟ್ಟಗಿದ್ದರೆ ಇದು ಇರ್ಲಿ ಅಂತ ಮತ್ತೆ ಸೊಪ್ಪಿಗೆ, ಕಲಿಸಿಕೊಟ್ಟವಳು ತಾನೇ, ಒಂದು ವರ್ಷ ಹಿಡಿಯಿತು ಕಲಿಸಲು, ಕಲಿತ ಮೇಲೆ ಒಂದೂ ತಪ್ಪಿಲ್ಲ. ರಾಮನಗರದ ಮಾರ್ಕೆಟ್ಟಲ್ಲಿ ನಮ್ಮ ರೇಷ್ಮೆಗೂಡಿಗೆ ನೂಲು ತೆಗೆಯುವ ರೀಲರುಗಳು ಮುಗಿಬೀಳುತ್ತಿದ್ದರು, ಇದು ನನ್ ಮಗ್ಳ ಗೂಡು ಕಣ್ರಲಾ ಅಂತ ಬೀಗುತ್ತಿದ್ದ ಬೋರಲಿಂಗಯ್ಯ, ಕೊಬ್ಬರಿ ಮಿಠಾಯಿ ತರದೆ ಒಂದು ದಿನವೂ ಮನೆಗೆ ಬಂದವನಲ್ಲ. ಎರಡು ವರ್ಷದ ಹಿಂದೆ ಕಡೆಯ ಬೆಳೆ, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಇವಳು ಕೆಮ್ಮುತ್ತ ಬಂದು ಬಾಗಿಲಲ್ಲಿ ನಿಂತಳು, ಆ ಕೆಮ್ಮಿನ ಗಾಳಿ ಹುಳಕ್ಕಾಗದು ಅಂತ ತಾನು ಕೈ ಅಡ್ಡ ಹಿಡಿದು — ಬ್ಯಾಡ ಕಣವ್ವಾ, ನಿಂಗ್ ಕಾಯ್ಲೆ ಐತೆ, ಒಳಿಕ್ ಬ್ಯಾಡ. ಅವತ್ತೇ ಜ್ವರ ಏರಿತು, ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗೂಡು ಮಾರಿ, ತೋಟ ಫ್ಯಾಕ್ಟರಿಗೆ ಬಿಟ್ಟುಕೊಟ್ಟು, ಹುಳು ಮನೆಗೆ ಬೀಗ. ಆಮೇಲೆ ಇವಳು ಆ ಹೊಸಿಲು ದಾಟಲೇ ಇಲ್ಲ.

ಸೌಮ್ಯ ನೋಡುತ್ತಿರುವುದು ಸೂಜಿಯನ್ನಲ್ಲ — ಚಿಕ್ಕಲಕ್ಷ್ಮಮ್ಮ ಅವಳ ನೋಟದ ಹಿಂದೆಯೇ ಬಗ್ಗಿದಳು — ನರ್ಸಿನ ಮೇಜಿನ ಕೆಳಗೆ ಬಿಳಿ ಬೋಗುಣಿ, ಬ್ಲೀಚಿಂಗ್ ನೀರು, ಅದರಲ್ಲಿ ಬಳಸಿದ ಹತ್ತಿ ಉಂಡೆಗಳು ಬೆಳ್ಳಗೆ ತೇಲುತ್ತಿವೆ. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎರಡು ವರ್ಷದಿಂದ ಈ ಮಗು ಕಾಯ್ಲೆ ಐತೆ, ಬ್ಯಾಡ ಅಂದ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ, ತಾನೂ ಆ ಬೋಗುಣಿಗೇ ಅಂತ. ತಾಯೀ, ಆ ಬೋಗುಣಿ ಒಸಿ ಆಚಿಗ್ ಮಡಗಿ, ಅಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು, ಅವಳ ಮಣಿಕಟ್ಟನ್ನು ಎರಡೇ ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ ಹೇಳಿದಳು, ಇದು ಇರ್ಲಿ. ಸೌಮ್ಯಳ ಭುಜ ಸಡಿಲವಾಯಿತು, ಶರ್ಫುನ್ನೀಸಾ ಚುಚ್ಚಿ ತೆಗೆದದ್ದೂ ತಿಳಿಯಲಿಲ್ಲ, ಆಯ್ತಲ್ಲ, ದೇವರೇ, ಆಯ್ತು — ಅಷ್ಟರಲ್ಲಿ ಹಾಳು ಕೆಮ್ಮು ತನಗೆ, ತಡೆದರೂ ಬಂತು, ಸೌಮ್ಯ ತಟ್ಟನೆ ತಿರುಗಿದಳು, ತಾಯಿಯ ಕೈಯನ್ನು ಎರಡು ಬೆರಳಲ್ಲಿ ಎತ್ತಿದಳು, ಮೆತ್ತಗೆ, ಬೆಳಕಿಗೆ ಹಿಡಿದಳು, ನೋಡುತ್ತಿದ್ದಾಳೆ, ಒಂದು ದಿನವೂ ತಪ್ಪದ ಕಣ್ಣು, ಇರ್ಲಿ ಅಂತಲೂ ಬ್ಯಾಡ ಅಂತಲೂ ಇನ್ನೂ ಅಂದಿಲ್ಲ, ಎರಡು ಬೆರಳು, ಕಿಟಕಿಯ ಬೆಳಕು, ಎರಡು ಬೆರಳು